ಸಾಮೋಪಾಯದ ಐದು ಮುಖಗಳು: ಆಫ್ರಿಕದ ರಾಷ್ಟ್ರಗಳೊಡನೆ ಅಮೆರಿಕದ ಅಧ್ಯಕ್ಷರ ಮೈತ್ರೀವಚನ

೧

ಅರಸನ ಮಾತು ಅರಸುತನದ ಒಂದು ಅಂಗವೆಂಬುದನ್ನು ಭಾರತೀಯ ನೀತಿಶಾಸ್ತ್ರವು ಬಹುಕಾಲದ ಹಿಂದೆಯೇ ಕಂಡುಕೊಂಡಿತ್ತು. ಸಂಧಿಗೂ ವಿಗ್ರಹಕ್ಕೂ ಬರೆದು ಕಳುಹಿಸಿದ ಮಾತೇ ಮೂಲವಾಗುವುದರಿಂದ ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಒಂದು ಅಧ್ಯಾಯವನ್ನು ಇಡಿಯಾಗಿ ಶಾಸನಲೇಖನದ ವಿಚಾರಕ್ಕೆ ಮೀಸಲಾಗಿಟ್ಟಿದ್ದಾನೆ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಲೇಖಗುಣಗಳನ್ನೂ, ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂಬ ಐದು ದೋಷಗಳನ್ನೂ ಅಲ್ಲಿ ಹೇಳಿದೆ. ದಂಡಿ ಭಾಮಹರ ಗುಣದೋಷಗಳನ್ನು ಕುರಿತೂ, ಅವನ್ನು ಕನ್ನಡಕ್ಕೆ ಒಗ್ಗಿಸಿದ ಕವಿರಾಜಮಾರ್ಗವನ್ನು ಕುರಿತೂ ವಿದ್ವಾಂಸರಲ್ಲಿ ಎಷ್ಟೋ ಚರ್ಚೆ ನಡೆದಿರುವುದುಂಟು; ರಾಜವಚನದ ಈ ಗುಣದೋಷಗಳು ಮಾತ್ರ ಸಾಹಿತ್ಯವಿಮರ್ಶಕರ ಕಣ್ಣಿಗೆ ಅಷ್ಟಾಗಿ ಬಿದ್ದಂತೆ ತೋರುವುದಿಲ್ಲ. ಈ ಗ್ರಂಥದ ತಾಳೆಯೋಲೆಯ ಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಸೇರಿ, ಆರ್. ಶಾಮಾಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಮುದ್ರಣವನ್ನು ಕಂಡಿತೆಂಬುದನ್ನು ನೆನೆದರೆ, ಈ ಉಪೇಕ್ಷೆಯು ಕನ್ನಡನಾಡಿನಲ್ಲಿ ಉಳಿಯತಕ್ಕುದಲ್ಲ.

ಅದೇ ಅಧ್ಯಾಯದಲ್ಲಿ ಸಾಮವೆಂಬ ಉಪಾಯವನ್ನು ಐದಾಗಿ ವಿಂಗಡಿಸಿದೆ. ಎದುರಿನವನ ಅಭಿಜನ, ಕರ್ಮ, ಪ್ರಕೃತಿ, ಶ್ರುತ ಮೊದಲಾದುವನ್ನು ಹೊಗಳುವುದು ಗುಣಸಂಕೀರ್ತನ. ರಕ್ತದಿಂದಾಗಲಿ ವಿವಾಹದಿಂದಾಗಲಿ ವಿದ್ಯೆಯಿಂದಾಗಲಿ ಹೃದಯದಿಂದಾಗಲಿ ಇರುವ ನಂಟನ್ನು ಎತ್ತಿ ಹೇಳುವುದು ಸಂಬಂಧೋಪಾಖ್ಯಾನ. ಇಬ್ಬರಿಗೂ ಆಗುವ ಲಾಭವನ್ನು ಕಾಣಿಸುವುದು ಪರಸ್ಪರೋಪಕಾರಸಂದರ್ಶನ. ಮುಂದೆ ಬರುವ ಶ್ರೇಯಸ್ಸಿನ ಆಸೆಯನ್ನು ಹುಟ್ಟಿಸುವುದು ಆಯತಿಪ್ರದರ್ಶನ. ಇವೆಲ್ಲಕ್ಕೂ ಕೊನೆಯದು ಆತ್ಮೋಪನಿಧಾನ. ತನಗೂ ಅವನಿಗೂ ಭೇದವಿಲ್ಲವೆಂದು ಹೇಳಿ, ತನ್ನದನ್ನು ಅವನ ಕಾರ್ಯಕ್ಕಾಗಿ ಅವನ ಕೈಯಲ್ಲಿಡುವುದು. ಮೊದಲಿನ ನಾಲ್ಕಕ್ಕೆ ನಾಲಗೆ ಸಾಕು. ಐದನೆಯದಕ್ಕೆ ಮಾತ್ರ ಬೆಲೆ ತೆರಬೇಕು. ಕೌಟಿಲ್ಯನು ಇದನ್ನು ಕೊನೆಯಲ್ಲಿಟ್ಟಿರುವುದು ಆಕಸ್ಮಿಕವಲ್ಲವೆಂದೂ, ಉಳಿದ ನಾಲ್ಕರ ಸತ್ಯಾಸತ್ಯಗಳಿಗೆ ಇದೇ ಒರೆಗಲ್ಲೆಂದೂ ಪ್ರತಿಪಾದಿಸುವುದು ಇಲ್ಲಿನ ಉದ್ದೇಶ.

ಲಕ್ಷ್ಯವಿಲ್ಲದ ಲಕ್ಷಣವು ನಿಲ್ಲದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಮೋಪಾಯವು ದೊಡ್ಡ ಪ್ರಮಾಣದಲ್ಲಿ ಪ್ರಯೋಗವಾದ ಸಂದರ್ಭಗಳಲ್ಲಿ, ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರಾಗಿದ್ದ ಜಾನ್ ಕೆನೆಡಿಯವರು ೧೯೬೧ರಿಂದ ೧೯೬೩ರವರೆಗೆ ಹೊಸದಾಗಿ ಸ್ವತಂತ್ರವಾದ ಆಫ್ರಿಕದ ರಾಷ್ಟ್ರಗಳ ಮೈತ್ರಿಗಾಗಿ ನಡೆಸಿದ ಪ್ರಯತ್ನವು ಮುಖ್ಯವಾದುದು. ಅದರಲ್ಲಿ ಐದು ಮುಖಗಳೂ ಕಾಣಬರುತ್ತವೆ, ದೋಷಗಳೂ ಕಾಣಬರುತ್ತವೆ. ಆದುದರಿಂದ ಅದನ್ನೇ ಲಕ್ಷ್ಯವಾಗಿ ಹಿಡಿದಿದೆ.

೨

೧೯೬೦ ಒಂದೇ ವರ್ಷದಲ್ಲಿ ಆಫ್ರಿಕದ ಹದಿನೇಳು ದೇಶಗಳು ಸ್ವತಂತ್ರವಾದುವು. ಅದಕ್ಕೆ ಮುಂಚೆ ಅಮೆರಿಕದ ಸರಕಾರವು ಆಫ್ರಿಕವನ್ನು ಬಹುಮಟ್ಟಿಗೆ ಯೂರೋಪಿನ ಕಿಟಕಿಯಿಂದಲೇ ನೋಡುತ್ತಿದ್ದಿತು. ಅಧ್ಯಕ್ಷ ಐಸೆನ್‌ಹೋವರ್ ಅವರ ಕಾಲದಲ್ಲಿ, ೧೯೫೮ರಲ್ಲಿ, ವಿದೇಶಾಂಗ ಇಲಾಖೆಯೊಳಗೆ ಆಫ್ರಿಕಕ್ಕೆಂದು ಪ್ರತ್ಯೇಕವಾದ ಶಾಖೆಯು ಏರ್ಪಟ್ಟಿತೆಂಬುದು ನಿಜ. ಆದರೆ ೧೯೬೦ರ ಡಿಸೆಂಬರಿನಲ್ಲಿ ವಸಾಹತುಗಳ ವಿಮೋಚನೆಯನ್ನು ಘೋಷಿಸುವ ನಿರ್ಣಯವು ವಿಶ್ವಸಂಸ್ಥೆಯ ಮುಂದೆ ಬಂದಾಗ, ಎಂಬತ್ತೊಂಬತ್ತು ರಾಷ್ಟ್ರಗಳು ಅದಕ್ಕೆ ಮತವಿತ್ತರೂ ಅಮೆರಿಕವು ಬ್ರಿಟನ್, ಫ್ರಾನ್ಸ್, ಪೋರ್ಚುಗಲ್‌ಗಳ ಪಂಕ್ತಿಯಲ್ಲಿ ಕುಳಿತು ತಟಸ್ಥವಾಯಿತು. ಇದಕ್ಕೆ ನಾಲ್ಕು ವರ್ಷಗಳ ಹಿಂದೆ ವಿದೇಶಾಂಗ ಕಾರ್ಯದರ್ಶಿ ಡಲೆಸ್ ಅವರು ಎರಡು ಬಣಗಳ ನಡುವೆ ಅಲಿಪ್ತವಾಗಿರುವುದೇ ಅನೀತಿಯೆಂಬರ್ಥದ ಮಾತನ್ನಾಡಿದ್ದರು. ತಾನು ಯಾರ ಪಕ್ಷವನ್ನೂ ಹಿಡಿಯೆನೆಂದವನನ್ನು ಅಧರ್ಮಿಯೆಂದು ಕರೆದ ಬಳಿಕ ಅವನೊಡನೆ ಸಾಮವು ನಡೆಯುವ ಬಗೆ ಹೇಗೆ?

ಕೆನೆಡಿಯವರ ವಚನದ ಮೊದಲ ಗುಣವೆಂದರೆ ಈ ತಡೆಯನ್ನು ಕಿತ್ತುಹಾಕಿದುದು. ಇದರ ಬೀಜವು ಅವರು ಸೆನೆಟ್ ಸಭೆಯ ಸದಸ್ಯರಾಗಿದ್ದಾಗಲೇ ಮೊಳೆತಿತ್ತು. ೧೯೫೭ರ ಜುಲೈ ೨ರಂದು ಅವರು ಅಲ್ಜೀರಿಯದ ಸ್ವಾತಂತ್ರ್ಯದ ಪಕ್ಷವಾಗಿ ಆ ಸಭೆಯಲ್ಲಿ ಮಾಡಿದ ಭಾಷಣವು ಮಿತ್ರರಾಷ್ಟ್ರವಾದ ಫ್ರಾನ್ಸನ್ನು ಕೆರಳಿಸಿತು; ಸ್ವಪಕ್ಷದ ಹಿರಿಯರೂ ಅದನ್ನು ಮೆಚ್ಚಲಿಲ್ಲ. ಅಲ್ಜೀರಿಯವು ಸ್ವತಂತ್ರವಾದುದು ಐದು ವರ್ಷಗಳ ಬಳಿಕ, ೧೯೬೨ರ ಜುಲೈಯಲ್ಲಿ. ಹೀಗೆ, ಫಲವು ಕಣ್ಣಿಗೆ ಬೀಳುವುದಕ್ಕೆ ಮೊದಲೇ, ನಷ್ಟವನ್ನು ಒಪ್ಪಿಕೊಂಡು ಆಡಿದ ಮಾತು ಅದು. ಮುಂದೆ ಆಫ್ರಿಕದ ನಾಯಕರು ಅವರ ಮಾತಿಗೆ ಕಿವಿಗೊಟ್ಟುದಕ್ಕೆ ಇದೇ ಮೂಲಧನವಾಯಿತು.

ಗುಣಸಂಕೀರ್ತನ ಸಂಬಂಧೋಪಾಖ್ಯಾನಗಳೆರಡೂ ಒಂದೆಡೆ ಸೇರಿರುವುದನ್ನು ೧೯೬೧ರ ಮಾರ್ಚಿ ೮ರ ಸಂದರ್ಭದಲ್ಲಿ ಕಾಣಬಹುದು. ಅಂದು ಘಾನಾದ ಅಧ್ಯಕ್ಷ ಕ್ವಾಮೆ ಎನ್‌ಕ್ರೂಮಾ ಅವರು ವಾಷಿಂಗ್‌ಟನ್ನಿಗೆ ಬಂದರು. ಕೆನೆಡಿಯವರು ವಿಮಾನನಿಲ್ದಾಣಕ್ಕೆ ತಾವೇ ಹೋಗಿ ಎದುರ್ಗೊಂಡರು. ಸ್ವಾತಂತ್ರ್ಯವು ಒಬ್ಬರಿಂದೊಬ್ಬರಿಗೆ ಅಂಟುವ ವ್ಯಾಧಿಯೆಂದು ಅಮೆರಿಕದ ಮೂರನೆಯ ಅಧ್ಯಕ್ಷ ಜೆಫರ್ಸನ್ನರು ಆಡಿದ್ದ ಮಾತನ್ನು ಸ್ವಾಗತದಲ್ಲಿ ನೆನೆದು, ಅಮೆರಿಕದ ಕ್ರಾಂತಿಗೂ ಆಫ್ರಿಕದ ಕ್ರಾಂತಿಗೂ ನಂಟನ್ನು ಹೆಣೆದರು. ಇದು ಹೃದಯಸಂಬಂಧ. ಎನ್‌ಕ್ರೂಮಾ ಅವರು ೧೯೩೫ರಿಂದ ಹತ್ತು ವರ್ಷ ಅಮೆರಿಕದಲ್ಲಿದ್ದು ಪೆನ್ಸಿಲ್ವೇನಿಯದ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಓದಿದವರಾದುದರಿಂದ, ಕೌಟಿಲ್ಯನು ಮೌಖವೆಂದು ಹೆಸರಿಟ್ಟಿರುವ ವಿದ್ಯಾಸಂಬಂಧವೂ ಅಲ್ಲಿ ಮೊದಲೇ ಸಿದ್ಧವಾಗಿತ್ತು. ಮಾತುಕತೆಗಳು ಮುಗಿದಮೇಲೆ ಅತಿಥಿಯನ್ನು ಮನೆಮಂದಿಯಿರುವ ಭಾಗಕ್ಕೆ ಕರೆದೊಯ್ದು ಹೆಂಡತಿಗೂ ಮಗಳಿಗೂ ಪರಿಚಯ ಮಾಡಿಕೊಟ್ಟರು. ಹಜಾರದಲ್ಲಿ ಕೂರಿಸಿ ಕಳುಹಿಸುವುದಕ್ಕೂ ಒಳಮನೆಗೆ ಕರೆಯುವುದಕ್ಕೂ ಇರುವ ಅಂತರವನ್ನು ಯಾವ ದೇಶದ ಅತಿಥಿಯಾದರೂ ಅರಿಯಬಲ್ಲನು.

ಸ್ಪಷ್ಟತ್ವವೆಂಬ ಗುಣಕ್ಕೆ ಇನ್ನೊಂದು ಉದಾಹರಣೆಯುಂಟು. ಆಫ್ರಿಕದ ವ್ಯವಹಾರಗಳಿಗಾಗಿ ಕೆನೆಡಿಯವರು ನೇಮಿಸಿದ್ದ ಮೆನ್ನೆನ್ ವಿಲಿಯಮ್ಸ್ ಅವರು ೧೯೬೧ರ ಫೆಬ್ರವರಿಯಲ್ಲಿ ನೈರೋಬಿಯಲ್ಲಿ ಆಫ್ರಿಕವು ಆಫ್ರಿಕನರಿಗೆ ಸೇರಿದುದೆಂದು ಹೇಳಿದರು. ಅಲ್ಲಿ ನೆಲಸಿದ್ದ ಬಿಳಿಯ ವಲಸಿಗರೂ ಬ್ರಿಟಿಷ್ ಪತ್ರಿಕೆಗಳೂ ಕೋಲಾಹಲವೆಬ್ಬಿಸಿದಾಗ, ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನಿತರಾದ ಕೆನೆಡಿಯವರು, ಆಫ್ರಿಕವು ಇನ್ನಾರಿಗೆ ಸೇರಬೇಕೋ ತಮಗೆ ತಿಳಿಯದೆಂದು ಉತ್ತರವಿತ್ತರು. ಅಲಂಕಾರವಿಲ್ಲದ, ಎಲ್ಲರಿಗೂ ಗೊತ್ತಿರುವ ನಾಲ್ಕು ಪದಗಳ ಮಾತು. ತನ್ನ ಸೇವಕನನ್ನು ಬಿಟ್ಟುಕೊಡದೆ, ಕೆರಳಿದವರನ್ನು ಹಂಗಿಸದೆ, ವಿಷಯವನ್ನು ಮಾತ್ರ ಬೆಳಗಿಸಿದುದರಿಂದ ಇದರಲ್ಲಿ ಮಾಧುರ್ಯವೂ ಸ್ಪಷ್ಟತ್ವವೂ ಕೂಡಿವೆ.

೩

ಇಷ್ಟರಿಂದಲೇ ಸಾಮವು ಸಿದ್ಧಿಸಿತೆಂದು ಹೇಳಲಾಗದು. ಇಷ್ಟೂ ನಾಲಗೆಯ ಕೆಲಸ. ಮುಂದಿನ ಮುಖಗಳನ್ನು ಗಿನಿ, ಘಾನಾ ಎಂಬ ಎರಡು ದೇಶಗಳ ಪ್ರಸಂಗದಲ್ಲಿ ಪರಿಶೀಲಿಸಬೇಕು.

ಗಿನಿಯು ೧೯೫೮ರ ಸೆಪ್ಟೆಂಬರ್ ೨೮ರಂದು ಫ್ರೆಂಚ್ ಸಮುದಾಯದಲ್ಲಿ ಉಳಿಯಲೊಲ್ಲೆನೆಂದು ಮತವಿತ್ತು, ಅಕ್ಟೋಬರ್ ೨ರಂದು ಸ್ವತಂತ್ರವಾಯಿತು. ಫ್ರಾನ್ಸು ಕೋಪಗೊಂಡು ತನ್ನ ಅಧಿಕಾರಿಗಳನ್ನೂ ನೆರವನ್ನೂ ಹಿಂದಕ್ಕೆಳೆದುಕೊಂಡಿತು. ಫ್ರಾನ್ಸಿನ ಮುಖವನ್ನು ನೋಡಿ ಅಮೆರಿಕವು ಗಿನಿಗೆ ಮಾನ್ಯತೆ ಕೊಡುವುದಕ್ಕೆ ತಡಮಾಡಿತು. ಈ ಎಡೆಯಲ್ಲಿ ಸೋವಿಯೆಟ್ ದೇಶವು ಕೈಚಾಚಿತು. ವಾಷಿಂಗ್‌ಟನ್ನಿನಲ್ಲಿ ಹಲವರು ಗಿನಿಯು ಕೈಬಿಟ್ಟುಹೋಯಿತೆಂದು ತೀರ್ಮಾನಿಸಿದ್ದ ಕಾಲದಲ್ಲಿ ಕೆನೆಡಿಯವರು ಫ್ರೆಂಚ್ ಬಲ್ಲ ಪತ್ರಿಕಾಕರ್ತ ವಿಲಿಯಮ್ ಆಟ್‌ವುಡ್ ಅವರನ್ನು ಅಲ್ಲಿಗೆ ರಾಯಭಾರಿಯಾಗಿ ಕಳುಹಿಸಿದರು. ೧೯೬೧ರ ಡಿಸೆಂಬರಿನಲ್ಲಿ ಗಿನಿಯ ಅಧ್ಯಕ್ಷ ಸೆಕು ಟೂರೆ ಅವರು ತಮ್ಮ ದೇಶದ ಒಳಗಿನ ವಿಷಯದಲ್ಲಿ ಕೈಹಾಕಿದನೆಂದು ಸೋವಿಯೆಟ್ ರಾಯಭಾರಿಯನ್ನೇ ಹೊರಗಟ್ಟಿದರು. ೧೯೬೨ರ ಅಕ್ಟೋಬರಿನಲ್ಲಿ ಶ್ವೇತಭವನಕ್ಕೆ ಅತಿಥಿಯಾಗಿ ಬಂದರು. ಆ ತಿಂಗಳೇ ಕ್ಯೂಬಾದ ಕ್ಷಿಪಣಿಗಳ ವಿಷಮಸಂಕಟವು ಒದಗಿತು. ಸಮುದ್ರಮಾರ್ಗವು ಮುಚ್ಚಿದಾಗ ಸೋವಿಯೆಟ್ ವಿಮಾನಗಳು ಕ್ಯೂಬಾಕ್ಕೆ ಹೋಗುವ ದಾರಿಯಲ್ಲಿ ಇಂಧನಕ್ಕಾಗಿ ಇಳಿಯಲು ಕೊನಾಕ್ರಿಯ ನಿಲ್ದಾಣವು ಬೇಕಾಗಬಹುದಾಗಿತ್ತು. ಆ ನಿಲ್ದಾಣದ ಓಡುದಾರಿಯನ್ನು ಉದ್ದಮಾಡಿಕೊಟ್ಟವರೇ ಸೋವಿಯೆಟ್ಟರು. ಆದರೂ ಟೂರೆಯವರು ಇಳಿಯಲು ಎಡೆಗೊಡಲಿಲ್ಲ. ಸೆನೆಗಲ್ ದೇಶವೂ ನಿರಾಕರಿಸಿತು.

ಇದರ ಅರ್ಥವನ್ನು ವಿಮರ್ಶಕರು ಗಮನಿಸಬೇಕು. ಪ್ರಬಲನು ದುರ್ಬಲನಿಗೆ ಸಾಮವನ್ನು ಪ್ರಯೋಗಿಸಿದನು. ಆತ್ಮೋಪನಿಧಾನ ಮಾಡಿದವನು ದುರ್ಬಲನು. ತನ್ನ ಬಳಿ ಇದ್ದ ಒಂದೇ ಒಂದು ಬೆಲೆಯುಳ್ಳ ವಸ್ತುವನ್ನು, ಅಂದರೆ ತನ್ನ ನೆಲದ ಮೇಲಣ ಒಂದು ಓಡುದಾರಿಯನ್ನು, ಗಿನಿಯು ಮಿತ್ರನ ಆಪತ್ಕಾಲದಲ್ಲಿ ಅವನ ಹಿತಕ್ಕೆ ಮುಡಿಪಾಗಿಟ್ಟಿತು. ಟೂರೆಯವರಿಗೆ ತಮ್ಮ ಅಲಿಪ್ತತೆಯನ್ನು ಉಳಿಸಿಕೊಳ್ಳುವ ಸ್ವಾರ್ಥವೂ ಇದ್ದಿತೆನ್ನಬಹುದು. ಇರಲಿ, ಹಾಗಾದರೆ ಅಲಿಪ್ತತೆಯೇ ಅನೀತಿಯೆಂದಿದ್ದ ಹಿಂದಣ ವಾದವು ಎಷ್ಟು ಕುರುಡಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಘಾನಾದ ಪ್ರಸಂಗವು ಇದಕ್ಕಿಂತ ತೊಡಕಿನದು. ವೋಲ್ಟಾ ನದಿಗೆ ಅಕೊಸೊಂಬೊ ಎಂಬಲ್ಲಿ ಅಣೆಕಟ್ಟನ್ನು ಕಟ್ಟಿ ವಿದ್ಯುತ್ತನ್ನು ಪಡೆದು, ಅದರಿಂದ ಅಲ್ಯುಮಿನಿಯಮ್ ಕೈಗಾರಿಕೆಯನ್ನು ನಡೆಸಬೇಕೆಂಬುದು ಎನ್‌ಕ್ರೂಮಾ ಅವರ ಜೀವನದ ದೊಡ್ಡ ಹಂಬಲ. ೧೯೬೧ರ ಬೇಸಗೆಯಲ್ಲಿ ಅವರು ಸೋವಿಯೆಟ್ ಬಣದ ದೇಶಗಳಲ್ಲಿ ಸಂಚರಿಸಿ, ಸೆಪ್ಟೆಂಬರಿನಲ್ಲಿ ಬೆಲ್‌ಗ್ರೇಡಿನ ಅಲಿಪ್ತ ಸಮ್ಮೇಳನದಲ್ಲಿ ಅಮೆರಿಕಕ್ಕೆ ಹಿತವಲ್ಲದ ಮಾತುಗಳನ್ನಾಡಿದರು. ಅಧ್ಯಕ್ಷರ ಸೋದರ ರಾಬರ್ಟ್ ಕೆನೆಡಿಯವರೇ ನೆರವನ್ನು ಕೊಡಕೂಡದೆಂದು ವಾದಿಸಿದರು. ಅಧ್ಯಕ್ಷರೂ ತುಸುಕಾಲ ತೂಗಾಡಿದರು. ಕಡೆಗೆ ಆ ವರ್ಷದ ಡಿಸೆಂಬರಿನಲ್ಲಿ ಸಾಲವನ್ನು ಕೊಡಲು ಒಪ್ಪಿದರು. ಹೊಗಳಿದವನಿಗೆ ಕೊಡುವುದು ಸುಲಭ. ತೆಗಳಿದವನಿಗೆ, ಸ್ವಂತ ಮನೆಯವರ ಮಾತನ್ನು ಮೀರಿ, ಕೊಟ್ಟ ಮಾತಿಗಾಗಿ ಕೊಡುವುದು ಆತ್ಮೋಪನಿಧಾನಕ್ಕೆ ಸಮೀಪವಾದುದು.

ಆದರೆ ಪರಸ್ಪರೋಪಕಾರವೆಂಬ ಮುಖವನ್ನು ಇಲ್ಲಿ ತಕ್ಕಡಿಯಲ್ಲಿಟ್ಟರೆ ತಟ್ಟೆಗಳು ಸಮನಾಗಿ ನಿಲ್ಲವು. ಅಮೆರಿಕದ ಕಂಪೆನಿಗಳ ಕೈಯಲ್ಲಿದ್ದ ಕರಗುಮನೆಗೆ ವಿದ್ಯುತ್ತು ಬಹಳ ಅಗ್ಗವಾಗಿ ದೊರೆಯಿತು. ಘಾನಾದಲ್ಲಿಯೇ ಬಾಕ್ಸೈಟ್ ಅದಿರು ಇದ್ದರೂ ಕಚ್ಚಾಪದಾರ್ಥವು ಹೊರದೇಶದಿಂದ ಬಂದಿತು. ಜಲಾಶಯಕ್ಕಾಗಿ ಸುಮಾರು ೮೦,೦೦೦ ಜನರು ತಮ್ಮ ಊರುಗಳನ್ನು ಬಿಡಬೇಕಾಯಿತು. ೧೯೬೬ರ ಜನವರಿ ೨೨ರಂದು ಎನ್‌ಕ್ರೂಮಾ ಅವರು ಅಣೆಕಟ್ಟಿನ ಪ್ರಾರಂಭೋತ್ಸವವನ್ನು ನೆರವೇರಿಸಿದರು. ಫೆಬ್ರವರಿ ೨೪ರಂದು ಸೈನ್ಯವು ಅವರನ್ನು ಪದಚ್ಯುತರನ್ನಾಗಿ ಮಾಡಿತು. ಆಯತಿಯನ್ನು ತೋರಿಸಿದವರೊಬ್ಬರು, ಅದನ್ನು ಕಣ್ತುಂಬ ಕಂಡು ಒಂದು ತಿಂಗಳಲ್ಲಿ ಕಳೆದುಕೊಂಡವರೊಬ್ಬರು. ಅಣೆಕಟ್ಟು ಮಾತ್ರ ನಿಂತಿದೆ.

ಐದನೆಯ ಮುಖವು ಹೆಚ್ಚು ನಿರ್ಮಲವಾಗಿ ಕಾಣುವುದು ಒಂದು ಚಿಕ್ಕ ಘಟನೆಯಲ್ಲಿ. ಕೆನೆಡಿಯವರು ೧೯೬೧ರ ಮಾರ್ಚಿ ೧ರಂದು ಸ್ಥಾಪಿಸಿದ ಶಾಂತಿದಳದ ಮೊದಲ ತಂಡದ ಸುಮಾರು ಐವತ್ತು ಮಂದಿ ತರುಣತರುಣಿಯರು ಆಗಸ್ಟ್ ೩೦ರಂದು ಆಕ್ರಾ ನಗರದಲ್ಲಿಳಿದರು. ಶಾಲೆಗಳಲ್ಲಿ ಪಾಠ ಹೇಳಲು ಬಂದಿದ್ದ ಅವರು ವಿಮಾನದ ಬಳಿಯಲ್ಲಿಯೇ ಸಾಲಾಗಿ ನಿಂತು ಘಾನಾದ ರಾಷ್ಟ್ರಗೀತೆಯನ್ನು ಆ ನಾಡಿನ ಟ್ವೀ ಭಾಷೆಯಲ್ಲಿ ಹಾಡಿದರು. ಕಲಿಸಬಂದವರು ಮೊದಲು ಕಲಿತು ಬಂದಿದ್ದರು. ಭಾಷಾಧ್ಯಾಪಕರಿಗೆ ಇದರ ಬೆಲೆಯನ್ನು ವಿವರಿಸಬೇಕಾದುದಿಲ್ಲ. ತನ್ನ ಮಕ್ಕಳನ್ನು ಪರನಾಡಿಗೆ ಒಪ್ಪಿಸುವುದೂ, ಆ ಮಕ್ಕಳು ಪರನುಡಿಯನ್ನು ನಾಲಗೆಯ ಮೇಲೆ ಹೊತ್ತು ಹೋಗುವುದೂ ಸಾಮದ ಪರಾಕಾಷ್ಠೆ.

೪

ಇನ್ನು ದೋಷಗಳ ವಿಚಾರ. ಹಿಂದೆ ಆಡಿದುದಕ್ಕೂ ಮುಂದೆ ಆಡಿದುದಕ್ಕೂ ಹೊಂದಿಕೆಯಿಲ್ಲದಿರುವುದನ್ನು ಕೌಟಿಲ್ಯನು ವ್ಯಾಘಾತವೆಂದು ಕರೆದಿದ್ದಾನೆ. ಒಂದು ಓಲೆಯೊಳಗೆ ಇದನ್ನು ಪತ್ತೆಮಾಡುವುದು ಕಷ್ಟವಲ್ಲ. ರಾಜವಚನವನ್ನು ಒಂದೊಂದು ಓಲೆಯಾಗಿ ನೋಡದೆ ರಾಜ್ಯದ ನಡೆಯೆಲ್ಲವನ್ನೂ ಒಂದೇ ದೀರ್ಘಲೇಖವಾಗಿ ಓದಿದರೆ, ವ್ಯಾಘಾತದ ಕ್ಷೇತ್ರವು ಎಷ್ಟು ವಿಶಾಲವೆಂಬುದು ಗೊತ್ತಾಗುತ್ತದೆ. ಕೆನೆಡಿಯವರ ಲೇಖದಲ್ಲಿ ಇದು ಮೂರೆಡೆಗಳಲ್ಲಿದೆ.

ಮೊದಲನೆಯದು ಅಂಗೋಲ. ೧೯೬೧ರ ಮಾರ್ಚಿ ೧೫ರಂದು, ಪೋರ್ಚುಗಲ್ಲಿನ ಅಧೀನವಾಗಿದ್ದ ಆ ದೇಶದ ವಿಷಯದಲ್ಲಿ ಭದ್ರತಾ ಸಮಿತಿಯ ಮುಂದೆ ಬಂದ ನಿರ್ಣಯಕ್ಕೆ ಅಮೆರಿಕವು ಸೋವಿಯೆಟ್ ದೇಶದೊಡನೆ ಕೂಡಿ, ತನ್ನ ಮಿತ್ರನಾದ ಪೋರ್ಚುಗಲ್ಲಿಗೆ ವಿರುದ್ಧವಾಗಿ ಮತವಿತ್ತಿತು. ಬ್ರಿಟನ್ ಫ್ರಾನ್ಸುಗಳು ತಟಸ್ಥವಾಗಿದ್ದುದರಿಂದ ಈ ಮತದ ಧ್ವನಿಯು ಇನ್ನೂ ಎದ್ದು ಕೇಳಿತು. ಆದರೆ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಅಮೆರಿಕದ ವಿಮಾನನೆಲೆಯೊಂದಿದ್ದಿತು. ಅದರ ಒಡಂಬಡಿಕೆಯು ೧೯೬೨ರ ಕೊನೆಗೆ ಮುಗಿಯುವುದಿತ್ತು. ನೆಲದ ಒಡೆಯನು ಪೋರ್ಚುಗಲ್. ದಿನವು ಹತ್ತಿರವಾದಂತೆ ಅಂಗೋಲವನ್ನು ಕುರಿತ ಮಾತು ಮೆತ್ತಗಾಯಿತು. ೧೯೬೨ರ ಡಿಸೆಂಬರಿನಲ್ಲಿ ಪೋರ್ಚುಗಲ್ಲನ್ನು ಖಂಡಿಸುವ ನಿರ್ಣಯಕ್ಕೆ ಅಮೆರಿಕವು ವಿರೋಧವಾಗಿ ಮತ ಹಾಕಿತು. ಗಿನಿಯು ತನ್ನ ಓಡುದಾರಿಯ ವಿಷಯದಲ್ಲಿ ಮಾಡಿದ ತ್ಯಾಗವನ್ನು, ಅದೇ ವರ್ಷದಲ್ಲಿ, ಅಮೆರಿಕವು ತನ್ನ ಓಡುದಾರಿಯ ವಿಷಯದಲ್ಲಿ ಮಾಡಲಾರದೆ ಹೋಯಿತು. ಎರಡು ಪ್ರಸಂಗಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒರೆಗಲ್ಲಿನ ಗೆರೆಯು ತಾನಾಗಿ ಮೂಡುತ್ತದೆ.

ಎರಡನೆಯದು ಮನೆಯೊಳಗಣ ವ್ಯಾಘಾತ. ನ್ಯೂಯಾರ್ಕಿಗೂ ವಾಷಿಂಗ್‌ಟನ್ನಿಗೂ ನಡುವಣ ನಲವತ್ತನೆಯ ಸಂಖ್ಯೆಯ ಹೆದ್ದಾರಿಯು ಮೇರಿಲ್ಯಾಂಡ್ ಸಂಸ್ಥಾನದ ಮೂಲಕ ಹಾದುಹೋಗುತ್ತಿತ್ತು. ೧೯೬೧ರಲ್ಲಿ ಚಾಡ್ ದೇಶದ ರಾಯಭಾರಿ ಆಡಮ್ ಮಲಿಕ್ ಸೊ ಅವರು ಆ ದಾರಿಯಲ್ಲಿ ಒಂದು ಉಪಾಹಾರಗೃಹವನ್ನು ಹೊಕ್ಕಾಗ, ಮೈಬಣ್ಣದ ಕಾರಣದಿಂದ ಅವರಿಗೆ ಉಪಚಾರವನ್ನು ನಿರಾಕರಿಸಲಾಯಿತು. ಇಂಥ ಅವಮಾನವು ಇತರ ಆಫ್ರಿಕನ್ ರಾಯಭಾರಿಗಳಿಗೂ ಒದಗಿತು. ಕೆನೆಡಿಯವರು ಮೊದಲು, ಆ ರಾಯಭಾರಿಗಳು ಕಾರಿನಲ್ಲಿ ಹೋಗದೆ ವಿಮಾನದಲ್ಲಿಯೇ ಹೋಗಬಾರದೇಕೆಂದು ಕೇಳಿದರೆಂದು ಅವರ ಸಹಾಯಕರಾಗಿದ್ದ ಹ್ಯಾರಿಸ್ ವಾಫರ್ಡ್ ಅವರು ೧೯೮೦ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಒಳಮನೆಗೆ ಕರೆದು ಕೂರಿಸಿದ ಅಧ್ಯಕ್ಷರೇ, ಬೀದಿಯಲ್ಲಿ ಅತಿಥಿಗೆ ನೀರು ಸಿಕ್ಕದಿದ್ದರೆ ಬೀದಿಯನ್ನು ಬಿಟ್ಟು ಆಕಾಶದಲ್ಲಿ ಹೋಗಲೆಂದರು. ಮುಂದೆ ವಿದೇಶಾಂಗ ಇಲಾಖೆಯು ಉಪಾಹಾರಗೃಹಗಳ ಒಡೆಯರೊಡನೆ ಮಾತುಕತೆಗೆ ತೊಡಗಿತು. ೧೯೬೩ರಲ್ಲಿ ಮೇರಿಲ್ಯಾಂಡ್ ಸಂಸ್ಥಾನವು ಭೇದವನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಅಷ್ಟರೊಳಗೆ ಆ ವರ್ಷದ ಮೇ ತಿಂಗಳಲ್ಲಿ ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಮಾನತೆಯನ್ನು ಕೇಳಿದ ಕಪ್ಪುಜನರ ಮಕ್ಕಳ ಮೇಲೆ ನಾಯಿಗಳನ್ನೂ ನೀರಿನ ಕೊಳವಿಗಳನ್ನೂ ಬಿಟ್ಟ ಸುದ್ದಿಯು ಲೋಕಕ್ಕೆಲ್ಲ ಹಬ್ಬಿತ್ತು. ಆಫ್ರಿಕದ ಐಕ್ಯಸಂಸ್ಥೆಯನ್ನು ಸ್ಥಾಪಿಸಲು ಆಡಿಸ್ ಅಬಾಬದಲ್ಲಿ ರಾಷ್ಟ್ರನಾಯಕರು ಸೇರಿದ್ದಾಗ, ಉಗಾಂಡದ ಪ್ರಧಾನಿ ಮಿಲ್ಟನ್ ಒಬೊಟೆ ಅವರು ಅಲ್ಲಿಂದಲೇ ಕೆನೆಡಿಯವರಿಗೆ ಬಹಿರಂಗಪತ್ರವನ್ನು ಬರೆದು ತಮ್ಮ ನೋವನ್ನು ತಿಳಿಸಿದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯು ಕನ್ನಡದಲ್ಲಿ ಹುಟ್ಟಿದುದಾದರೂ ಅದರ ವಿಷಯವು ಎಲ್ಲ ದೇಶಗಳಿಗೂ ಸೇರಿದುದು.

ನ್ಯಾಯದೃಷ್ಟಿಯಿಂದ ಇಷ್ಟನ್ನು ಸೇರಿಸಿಯೇ ಹೇಳಬೇಕು: ಈ ವ್ಯಾಘಾತವನ್ನು ತಿದ್ದಲು ಕೆನೆಡಿಯವರು ಕಡೆಗೆ ಮುಂದಾದರು. ೧೯೬೩ರ ಜೂನ್ ೧೧ರಂದು ತಮ್ಮ ಜನರನ್ನೇ ಉದ್ದೇಶಿಸಿ, ವರ್ಣಭೇದವು ನೀತಿಧರ್ಮದ ಪ್ರಶ್ನೆಯೆಂದು ಸಾರಿದರು. ಕಪ್ಪುಜನರನ್ನು ಹೊರತುಪಡಿಸಿ ತಾವು ಸ್ವತಂತ್ರರ ನಾಡೆಂದು ಲೋಕಕ್ಕೆ ಹೇಳಲಾದೀತೆ ಎಂದು ಕೇಳಿದರು. ಈ ಭಾಷಣವು ಆಫ್ರಿಕವನ್ನು ಸಂಬೋಧಿಸಿದುದಲ್ಲ. ಆದರೂ ಆಫ್ರಿಕಕ್ಕೆ ಅವರು ಬರೆದ ಲೇಖದ ಅತ್ಯುತ್ತಮವಾದ ಪಂಕ್ತಿಯು ಇದೇ. ಅದರ ಫಲವಾದ ಕಾನೂನು ೧೯೬೪ರ ಜುಲೈ ೨ರಂದು, ಅವರ ಉತ್ತರಾಧಿಕಾರಿ ಜಾನ್ಸನ್ನರ ರುಜುವಿನಿಂದ, ಜಾರಿಗೆ ಬಂದಿತು.

ಮೂರನೆಯದು ಕಾಂಗೋ. ಅಲ್ಲಿನ ಮೊದಲ ಪ್ರಧಾನಿ ಪಾಟ್ರಿಸ್ ಲುಮುಂಬಾ ಅವರು ೧೯೬೧ರ ಜನವರಿ ೧೭ರಂದು, ಎಂದರೆ ಕೆನೆಡಿಯವರು ಅಧಿಕಾರವನ್ನು ವಹಿಸುವುದಕ್ಕೆ ಮೂರು ದಿನ ಮುಂಚೆ, ಕೊಲೆಯಾದರು. ಹಿಂದಿನ ಆಡಳಿತದ ಕಾಲದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯು ಅವರಿಗೆ ವಿಷವಿಕ್ಕಲು ಹೂಡಿದ್ದ ಸಂಚನ್ನು ೧೯೭೫ರಲ್ಲಿ ಸೆನೆಟ್ಟಿನ ವಿಚಾರಣಾ ಸಮಿತಿಯು ಬಯಲುಮಾಡಿತು. ಕೊಲೆಯು ನೇರವಾಗಿ ಆ ಸಂಸ್ಥೆಯ ಕೈಯಿಂದಲೇ ಆದುದೆಂದು ಸಮಿತಿಯು ಹೇಳಲಿಲ್ಲ. ಈ ಪಾಪದ ಹೊಣೆಯನ್ನು ಕೆನೆಡಿಯವರ ಮೇಲೆ ಹೊರಿಸುವುದು ಸಲ್ಲದು. ಆದರೆ ಲುಮುಂಬಾ ಅವರನ್ನು ಹಿಡಿದೊಪ್ಪಿಸಿದ ಸೇನಾಪತಿ ಮೊಬುಟು ಅವರನ್ನು ೧೯೬೩ರ ಮೇ ೩೧ರಂದು ಶ್ವೇತಭವನದ ಉದ್ಯಾನದಲ್ಲಿ ಬರಮಾಡಿಕೊಂಡು, ಆತನಿಲ್ಲದಿದ್ದರೆ ಕಾಂಗೋ ಕಮ್ಯುನಿಸ್ಟರ ಪಾಲಾಗುತ್ತಿತ್ತೆಂದು ಹೊಗಳಿದವರು ಕೆನೆಡಿಯವರೇ. ಇದೂ ಗುಣಸಂಕೀರ್ತನವೇ, ಅಪಾತ್ರದಲ್ಲಿ ಸಂದುದು. ಹೀಗೆ ಹೊಗಳಿಸಿಕೊಂಡವರು ೧೯೬೫ರಲ್ಲಿ ಅಧಿಕಾರವನ್ನು ಕಿತ್ತುಕೊಂಡು ೧೯೯೭ರವರೆಗೆ ಆ ನಾಡನ್ನು ಹಿಂಡಿದರು.

೫

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಆಪ್ತರಾಗಿದ್ದ ಆರ್ಥರ್ ಶ್ಲೆಸಿಂಜರ್ ಅವರ ೧೯೬೫ರ ಗ್ರಂಥದಿಂದ ಹಿಡಿದು ಫಿಲಿಪ್ ಮ್ಯೂಲೆನ್‌ಬೆಕ್ ಅವರ ೨೦೧೨ರ ಗ್ರಂಥದವರೆಗೆ ಒಂದು ಪಂಥವು, ಕೆನೆಡಿಯವರ ವೈಯಕ್ತಿಕ ಸ್ನೇಹವೇ ಆಫ್ರಿಕವನ್ನು ಗೆದ್ದಿತೆಂದು ಹೇಳುತ್ತದೆ. ಅಮೆರಿಕದ ಎಲ್ಲ ನಡೆಯೂ ಸೋವಿಯೆಟ್ಟರೊಡನೆ ನಡೆದ ಶೀತಲಸಮರದ ಚದುರಂಗವೇ, ಇಲ್ಲಿ ಸಾಮವೆಂಬುದು ಭೇದೋಪಾಯದ ಮುಸುಕು ಮಾತ್ರ ಎಂಬುದು ಇನ್ನೊಂದು ಪಂಥದ ವಾದ.

ಎರಡನೆಯ ಪಂಥಕ್ಕೆ ಉತ್ತರವು ಅರ್ಥಶಾಸ್ತ್ರದಲ್ಲಿಯೇ ಇದೆ. ಸ್ವಾರ್ಥವಿಲ್ಲದ ಮಿತ್ರನನ್ನು ಕೌಟಿಲ್ಯನು ಎಲ್ಲಿಯೂ ಕಲ್ಪಿಸಿಲ್ಲ. ಸಾಮದ ಮೂರನೆಯ ಮುಖದಲ್ಲಿಯೇ ಪರಸ್ಪರಲಾಭವನ್ನು ಬಹಿರಂಗವಾಗಿ ಹೇಳಬೇಕೆಂದಿದ್ದಾನೆ. ಆದುದರಿಂದ ಸ್ವಾರ್ಥವಿದ್ದಿತೆಂಬುದು ದೂಷಣವಲ್ಲ. ಸ್ವಾರ್ಥಕ್ಕೆ ಪೆಟ್ಟು ಬಿದ್ದಾಗ ಮಾತು ನಿಂತಿತೇ ಎಂಬುದು ಪ್ರಶ್ನೆ. ಘಾನಾದ ವಿಷಯದಲ್ಲಿ ನಿಂತಿತು, ಅಂಗೋಲದಲ್ಲಿ ನಿಲ್ಲಲಿಲ್ಲ. ಎಲ್ಲವೂ ಕಪಟವೆನ್ನುವವರು ಮೊದಲನೆಯದನ್ನು ವಿವರಿಸಲಾರರು. ಎಲ್ಲವೂ ಸ್ನೇಹವೆನ್ನುವವರು ಎರಡನೆಯದನ್ನು ವಿವರಿಸಲಾರರು.

ಮೊದಲನೆಯ ಪಂಥದ ವಾದದಲ್ಲಿ ಸತ್ಯಾಂಶವು ಹೆಚ್ಚು. ಮೂರು ವರ್ಷಗಳೊಳಗಾಗಿ ಎರಡು ಡಜನ್ನಿಗೂ ಹೆಚ್ಚು ಆಫ್ರಿಕದ ನಾಯಕರು ಶ್ವೇತಭವನಕ್ಕೆ ಬಂದರು. ೧೯೬೩ರ ನವೆಂಬರ್ ೨೨ರಂದು ಕೆನೆಡಿಯವರು ಹತರಾದಾಗ ಆಫ್ರಿಕದ ಊರುಗಳಲ್ಲಿ ಜನರು ಸ್ವಂತ ಮನೆಯ ಸಾವಿನಂತೆ ದುಃಖಿಸಿದರು. ಆದರೆ ಮಿತ್ರಸಂಪತ್ತಿನ ಲಕ್ಷಣಗಳಲ್ಲಿ ಕೌಟಿಲ್ಯನು ಪಿತೃಪೈತಾಮಹತ್ವವನ್ನೂ ನಿತ್ಯತ್ವವನ್ನೂ ಮೊದಲಿಗೆ ಎಣಿಸಿರುವುದನ್ನು ಈ ಪಂಥವು ಮರೆಯುತ್ತದೆ. ವ್ಯಕ್ತಿಯಲ್ಲಿ ನೆಲಸಿದ ಮೈತ್ರಿಯು ವ್ಯಕ್ತಿಯೊಡನೆ ಹೋಗುತ್ತದೆ. ೧೯೬೨ರಲ್ಲಿ ಅಷ್ಟು ನೆಚ್ಚಿನದಾಗಿದ್ದ ಗಿನಿಯೇ ೧೯೬೬ರಲ್ಲಿ, ತನ್ನ ವಿದೇಶಾಂಗಮಂತ್ರಿಯನ್ನು ಅಮೆರಿಕದ ವಿಮಾನದಿಂದ ಆಕ್ರಾದಲ್ಲಿ ಇಳಿಸಿ ಬಂಧಿಸಿದುದಕ್ಕೆ ಸಿಟ್ಟಾಗಿ, ಅಮೆರಿಕದ ರಾಯಭಾರಿಯನ್ನು ಗೃಹಬಂಧನದಲ್ಲಿಟ್ಟಿತು; ಶಾಂತಿದಳದವರನ್ನು ಹೊರಗೆ ಕಳುಹಿಸಿತು. ನಡುವೆ ಕಳೆದುದು ನಾಲ್ಕೇ ವರ್ಷ. ಒಬ್ಬರ ನಗೆಮೊಗದ ಮೇಲೆ ಕಟ್ಟಿದುದು ಎಷ್ಟು ಕಾಲ ನಿಲ್ಲಬಲ್ಲುದೆಂಬುದಕ್ಕೆ ಇದು ಸಾಕ್ಷಿ.

೬

ಬಳಿಕ ಬಂದ ಅಧ್ಯಕ್ಷರ ವಚನಗಳನ್ನು ಇದೇ ಒರೆಗೆ ಸಂಕ್ಷೇಪವಾಗಿ ಹಚ್ಚಬಹುದು. ಬಿಲ್ ಕ್ಲಿಂಟನ್ನರು ೧೯೯೮ರ ಮಾರ್ಚಿಯಲ್ಲಿ ರುವಾಂಡದ ಕಿಗಾಲಿಗೆ ಹೋಗಿ, ೧೯೯೪ರ ನರಮೇಧದ ಕಾಲದಲ್ಲಿ ಲೋಕವು ಮಾಡಬೇಕಾದುದನ್ನು ಮಾಡಲಿಲ್ಲವೆಂದು ಒಪ್ಪಿಕೊಂಡರು; ಆದರೆ ವಿಮಾನನಿಲ್ದಾಣವನ್ನು ಬಿಟ್ಟು ಊರೊಳಕ್ಕೆ ಕಾಲಿಡಲಿಲ್ಲ. ಜಾರ್ಜ್ ಬುಷ್ ಅವರು ೨೦೦೩ರಲ್ಲಿ ಆರಂಭಿಸಿದ ಏಡ್ಸ್ ನಿವಾರಣೆಯ ಯೋಜನೆಯಲ್ಲಿ ಮಾತು ಕಡಿಮೆ, ಔಷಧವು ಹೆಚ್ಚು. ಆತ್ಮೋಪನಿಧಾನದ ಕಡೆಗೆ ಅದು ಹಲವು ಭಾಷಣಗಳಿಗಿಂತ ಸಮೀಪವಾಗಿದ್ದಿತು. ಬರಾಕ್ ಒಬಾಮರು ೨೦೦೯ರ ಜುಲೈ ೧೧ರಂದು ಆಕ್ರಾದಲ್ಲಿ ಮಾತನಾಡಿದಾಗ ರಕ್ತಸಂಬಂಧವೇ ಅವರ ಬಾಯಲ್ಲಿ ನುಡಿಯಿತು. ಅವರ ತಂದೆ ಕೀನ್ಯದವರು. ಬಲಿಷ್ಠ ವ್ಯಕ್ತಿಗಳಿಗಿಂತ ಬಲಿಷ್ಠ ಸಂಸ್ಥೆಗಳು ಆಫ್ರಿಕಕ್ಕೆ ಬೇಕೆಂಬ ಅವರ ಬೋಧೆಯು ಸತ್ಯವಾದುದೇ. ಮೈತ್ರಿಗೂ ಅದೇ ಬೋಧೆಯು ಅನ್ವಯಿಸುತ್ತದೆ.

೨೦೨೫ರ ಜುಲೈ ತಿಂಗಳು ಈ ವಿಚಾರಕ್ಕೆ ಎರಡು ಲಕ್ಷ್ಯಗಳನ್ನು ಒಟ್ಟಿಗೆ ಒದಗಿಸಿತು. ಆ ತಿಂಗಳ ೯ರಂದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಐದು ದೇಶಗಳ ಅಧ್ಯಕ್ಷರು ಶ್ವೇತಭವನದಲ್ಲಿ ಸೇರಿದ್ದಾಗ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಲೈಬೀರಿಯದ ಅಧ್ಯಕ್ಷ ಜೋಸೆಫ್ ಬೊಕಾಯಿ ಅವರ ಇಂಗ್ಲಿಷನ್ನು ಹೊಗಳಿ, ಇಷ್ಟು ಸೊಗಸಾಗಿ ಮಾತನಾಡಲು ಎಲ್ಲಿ ಕಲಿತಿರೆಂದು ಕೇಳಿದರು. ಲೈಬೀರಿಯವು ೧೮೨೨ರಿಂದ ಅಮೆರಿಕದ ಕಪ್ಪುಜನರೇ ಹೋಗಿ ನೆಲಸಿ, ೧೮೪೭ರಲ್ಲಿ ಗಣರಾಜ್ಯವಾದ ದೇಶ. ಇಂಗ್ಲಿಷು ಅದರ ಅಧಿಕೃತಭಾಷೆ. ಲೈಬೀರಿಯದ ವಿದೇಶಾಂಗಮಂತ್ರಿಗಳು ತಮಗೆ ಇದರಿಂದ ಅವಮಾನವಾಗಲಿಲ್ಲವೆಂದರು. ಆ ದೇಶದ ಹಲವರು ನೊಂದುಕೊಂಡರು. ಉದ್ದೇಶವು ಏನೇ ಇರಲಿ, ಶ್ರುತವನ್ನು ಹೊಗಳುವ ಭರದಲ್ಲಿ ಸಂಬಂಧವು ಮರೆತುಹೋಯಿತು. ಅಣ್ಣನ ಮನೆಯ ಮಗುವಿಗೆ, ಈ ಮನೆಮಾತನ್ನು ನೀನು ಎಲ್ಲಿ ಕಲಿತೆಯೆಂದು ಕೇಳಿದಂತಾಯಿತು. ಇಡಬೇಕಾದ ಕಡೆ ಇಡದೆ ಬೇರೆಡೆಯಲ್ಲಿಟ್ಟು ಗುಣವನ್ನೇ ದೋಷವಾಗಿಸುವುದು ಸಂಪ್ಲವವೆಂಬ ದೋಷದ ಹತ್ತಿರದ ನೆಂಟ.

ಇನ್ನೊಂದು ಲಕ್ಷ್ಯವು ಮಾತಿನದಲ್ಲ. ಕೆನೆಡಿಯವರು ೧೯೬೧ರ ನವೆಂಬರಿನಲ್ಲಿ ಸ್ಥಾಪಿಸಿದ್ದ ಅಂತರರಾಷ್ಟ್ರೀಯ ಅಭಿವೃದ್ಧಿಯ ನೆರವಿನ ಸಂಸ್ಥೆಯು ಅದೇ ಜುಲೈ ೧ರಂದು ತನ್ನ ಕಾರ್ಯವನ್ನು ನಿಲ್ಲಿಸಿತು. ಉಳಿದ ಕೆಲಸಗಳು ವಿದೇಶಾಂಗ ಇಲಾಖೆಗೆ ಸೇರಿದುವು. ವ್ಯಕ್ತಿಯು ಹೋದಮೇಲೂ ಅರುವತ್ತು ವರ್ಷಗಳಿಗೂ ಮೀರಿ ಉಳಿದಿದ್ದುದು ಸಂಸ್ಥೆಯೇ ಎಂಬುದನ್ನು ಇಲ್ಲಿ ಗಮನಿಸಬೇಕು. ಕೆನೆಡಿಯವರ ಭಾಷಣಗಳಲ್ಲಿ ಹೆಚ್ಚಿನವು ಇಂದು ಗ್ರಂಥಭಂಡಾರಗಳಲ್ಲಿವೆ; ಅವರು ನೆಟ್ಟ ನೆರವಿನ ಮರದ ಕೆಳಗೆ ಮೂರು ತಲೆಮಾರಿನ ಜನರು ಕುಳಿತೆದ್ದರು.

ಆದುದರಿಂದ ಸಿದ್ಧಾಂತವು ಇಷ್ಟು. ಅಧ್ಯಕ್ಷವಚನದ ವಿಮರ್ಶೆಯಲ್ಲಿ ಅದರ ಸೊಗಸನ್ನೂ ಚಾತುರ್ಯವನ್ನೂ ನೋಡಿ ನಿಲ್ಲುವುದು ಅರ್ಧವಿಮರ್ಶೆ. ಆ ವಚನಕ್ಕಾಗಿ ಆಡಿದವನು ಏನನ್ನು ಕಳೆದುಕೊಳ್ಳಲು ಸಿದ್ಧನಾಗಿದ್ದನು, ಅದೇ ವಚನವನ್ನು ತನ್ನ ಮನೆಯವರಿಗೂ ಆಡಿದನೇ, ತಾನಿಲ್ಲದ ಮೇಲೆ ಅದನ್ನು ಹೊತ್ತು ನಡೆಸುವ ಸಂಸ್ಥೆಯನ್ನು ಬಿಟ್ಟುಹೋದನೇ ಎಂಬ ಮೂರು ಪ್ರಶ್ನೆಗಳು ಉಳಿದ ಅರ್ಧ. ಕೆನೆಡಿಯವರ ಲೇಖವು ಈ ಮೂರಕ್ಕೂ ಪೂರ್ಣವಾದ ಉತ್ತರವನ್ನು ಕೊಡುವುದಿಲ್ಲ. ಆದರೂ ಮೂರನ್ನೂ ಕೇಳಿಸಿಕೊಂಡ ಗುರುತು ಅದರಲ್ಲಿದೆ. ಆ ಲೇಖವನ್ನು ಇಂದಿಗೂ ಓದತಕ್ಕುದಾಗಿಸಿರುವುದು ಈ ಗುರುತೇ.